ಯಲ್ಲಮ್ಮನ ಗುಡ್ಡ: ಕೊಡ, ಪಡ್ಡಲಗಿ, ಚೌಡಿಕೆ



ಬೆಳಗಾವಿ ಜಿಲ್ಲೆಯ ಸವದತ್ತಿ ಪಟ್ಟಣದಿಂದ ಸುಮಾರು 5 ಕಿಲೋಮೀಟರ್ ದೂರದ ಗುಡ್ಡದ ಮೇಲೆ ನೆಲೆಸಿರುವ ರೇಣುಕಾ ಯಲ್ಲಮ್ಮನ ಜಾತ್ರಾ ಪರಂಪರೆಯನ್ನು ಕುರಿತ ಈ ಪ್ರದರ್ಶನದಲ್ಲಿ ಶಾಸನಗಳ ಪಡಿಯಚ್ಚುಗಳಿಗಿಂತ ಬುಟ್ಟಿ, ಕೊಡ, ಸಿಂಬಿ, ಬಳೆ, ವಾದ್ಯಗಳೇ ಹೆಚ್ಚಾಗಿರುವುದು ಸರಿಯಾದ ಆಯ್ಕೆಯೇ ಆಗಿದೆ. ಸವದತ್ತಿಯ ರಾಜಕೀಯ ಇತಿಹಾಸ ಸಣ್ಣದೇನಲ್ಲ. ಸುಗಂಧವರ್ತಿ ಎಂಬ ಹೆಸರಿನಲ್ಲಿ ಇದು ರಟ್ಟರ ರಾಜಧಾನಿಯಾಗಿತ್ತು. ಆ ಅರಸರು ಮುಂದೆ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ತಮ್ಮ ರಾಜಧಾನಿಯನ್ನು ಬದಲಿಸಿದರು. ಗುಡ್ಡದ ಮೇಲಿನ ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳಲಾಗುತ್ತದೆ. ಆದರೆ ದಾನ ಕೊಟ್ಟವರನ್ನು ದಾಖಲಿಸುವ ಶಾಸನಗಳು ನಡೆದು ಬಂದವರ ಬಗ್ಗೆ ಮೌನವಾಗಿರುತ್ತವೆ. ಈ ಕ್ಷೇತ್ರವನ್ನು ಶತಮಾನಗಳಿಂದ ಉಳಿಸಿಕೊಂಡು ಬಂದವರಾದರೋ ಉತ್ತರ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವೆಗಳಿಂದ ಗುಡ್ಡ ಹತ್ತಿ ಬಂದ ರೈತರು, ಕೂಲಿಕಾರರು, ಕುರಿಗಾರರು ಮತ್ತು ಅವರೆಲ್ಲರಿಗಿಂತ ಮಿಗಿಲಾಗಿ ಹೆಂಗಸರು.

ದೇವಿಯ ಕಥೆ ಎಲ್ಲರೂ ಬಲ್ಲದ್ದೇ. ಜಮದಗ್ನಿಯ ಮಡದಿ ರೇಣುಕೆ ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು, ದಿನವೂ ಹೊಳೆಯಿಂದ ನೀರು ತರುತ್ತಿದ್ದಳು. ನೀರಾಟವಾಡುತ್ತಿದ್ದ ಗಂಧರ್ವರನ್ನು ಕಂಡು ಒಂದು ಗಳಿಗೆ ಮನಸ್ಸು ಚಂಚಲವಾದುದರಿಂದ ಆ ಶಕ್ತಿ ಕಳೆದುಹೋಯಿತು. ಗಂಡನ ಆಜ್ಞೆಯಂತೆ ಮಗ ಪರಶುರಾಮನೇ ಆಕೆಯ ತಲೆ ಕಡಿದು, ಮತ್ತೆ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡನು. ಪುರಾಣದಲ್ಲಿ ಕೆಲವೇ ಮಾತುಗಳಲ್ಲಿ ಮುಗಿಯುವ ಆ ಕೊಡ ಜನಪದರ ಕೈಯಲ್ಲಿ ಆರಾಧನೆಯ ಕೇಂದ್ರವಾಗಿ ಬೆಳೆದಿದೆ. ಜೋಗತಿಯು, ಅಂದರೆ ದೇವಿಯ ಸೇವೆಗೆ ಮೀಸಲಾದ ಹೆಣ್ಣು, ತಲೆಯ ಮೇಲೆ ಹೊರುವ ಹಿತ್ತಾಳೆ ಕೊಡದ ಕಂಠಕ್ಕೆ ದೇವಿಯ ಮುಖ, ಹಿಂದೆ ನವಿಲುಗರಿ, ಸುತ್ತ ಸೀರೆಯ ನೆರಿಗೆ, ಕೆಳಗೆ ಬಟ್ಟೆಯ ಸಿಂಬಿ. ಪ್ರದರ್ಶನದಲ್ಲಿರುವ ಅಂತಹ ಕೊಡವೊಂದರ ಬುಡ ಸಿಂಬಿಯ ಮೇಲೆ ಕೂತು ಕೂತು ಸವೆದು ಹೊಳಪೇರಿರುವುದನ್ನು ನೋಡಿದವರಿಗೆ, ಅದನ್ನು ಹೊತ್ತು ಕೈ ಬಿಟ್ಟು ಕುಣಿಯಲು ಎಷ್ಟು ವರ್ಷಗಳ ಸಾಧನೆ ಬೇಕಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗುಡ್ಡದ ಯಾತ್ರೆಗೆ ತನ್ನದೇ ಕ್ರಮವಿದೆ. ಭಕ್ತರು ನೇರವಾಗಿ ಯಲ್ಲಮ್ಮನ ಗುಡಿಗೆ ಹೋಗುವುದಿಲ್ಲ. ಮೊದಲು ಕೆಳಗಿನ ಜೋಗುಳಬಾವಿಯಲ್ಲಿ ಮಿಂದು, ಅಲ್ಲಿಯ ಸತ್ಯಮ್ಮನಿಗೆ ಕೈಮುಗಿದು, ಆಮೇಲೆ ಮೇಲಕ್ಕೆ ಹೊರಡುತ್ತಾರೆ. ಗಂಡನ ಶಾಪದಿಂದ ಮೈಯೆಲ್ಲ ರೋಗವಾಗಿ ಹೊರಬಿದ್ದ ರೇಣುಕೆ ಈ ಬಾವಿಯ ನೀರಿನಿಂದ ಗುಣಹೊಂದಿದಳೆಂಬ ನಂಬಿಕೆಯೇ ಇದಕ್ಕೆ ಕಾರಣ. ಚರ್ಮರೋಗದವರು ಇಲ್ಲಿಗೆ ಹರಕೆ ಹೊತ್ತು ಬರುವುದೂ ಅದೇ ನಂಬಿಕೆಯಿಂದ. ಮೇಲೆ ಎಣ್ಣೆಹೊಂಡವಿದೆ, ಪರಶುರಾಮನ ಮತ್ತು ಮಾತಂಗಿಯ ಗುಡಿಗಳಿವೆ. ದಾರಿಯುದ್ದಕ್ಕೂ ಭಂಡಾರವನ್ನು, ಅಂದರೆ ಅರಿಸಿನದ ಪುಡಿಯನ್ನು, ತೂರುತ್ತ “ಉಧೋ ಉಧೋ” ಎಂದು ಕೂಗುತ್ತ ಸಾಗುವ ಜನರ ಮೈ, ಬಟ್ಟೆ, ಚಕ್ಕಡಿಯ ನೊಗ, ಎತ್ತಿನ ಕೋಡು ಎಲ್ಲವೂ ಹಳದಿಯಾಗುತ್ತವೆ.

ಯಾತ್ರೆಯ ಹೃದಯವಿರುವುದು ಗರ್ಭಗುಡಿಯ ದರ್ಶನದಲ್ಲಿ ಎಷ್ಟೋ, ಬಯಲಲ್ಲಿ ನಡೆಯುವ ಪಡ್ಡಲಗಿಯಲ್ಲಿಯೂ ಅಷ್ಟೇ. ಪಡ್ಡಲಗಿಯೆಂದರೆ ಜೋಗತಿಯರು ಹಿಡಿಯುವ ಬಿದಿರಿನ ಅಗಲ ಬುಟ್ಟಿ. ಮೂರು ಕಲ್ಲು ಹೂಡಿ ಒಲೆ ಮಾಡಿ, ಊರಿನಿಂದಲೇ ತಂದ ಹಿಟ್ಟು, ಬೇಳೆ, ಬೆಲ್ಲಗಳಿಂದ ಹೋಳಿಗೆ, ಕಡುಬು, ಅನ್ನ, ಪಲ್ಯಗಳನ್ನು ಅಲ್ಲಿಯೇ ಬೇಯಿಸಿದ ಕುಟುಂಬವು ಜೋಗತಿಯರನ್ನು ಸಾಲಾಗಿ ಕೂಡಿಸಿ, ಅವರ ಬುಟ್ಟಿಗಳಿಗೆ ಒಂದೊಂದೇ ಪದಾರ್ಥವನ್ನು ಬಡಿಸುತ್ತ ಹೋಗುತ್ತದೆ. ಇದಕ್ಕೆ ಪಡ್ಡಲಗಿ ತುಂಬಿಸುವುದು ಎಂದು ಹೆಸರು. ಇಲ್ಲಿ ದೇವಿಗೆ ಎಡೆ ಸಲ್ಲುವುದು ಜೋಗತಿಯ ಬುಟ್ಟಿಯ ಮೂಲಕ. ಊರಲ್ಲಿ ಮಂಗಳವಾರ, ಶುಕ್ರವಾರ ಮನೆಯ ಹೊರಗೆ ನಿಂತು ಜೋಗ, ಅಂದರೆ ದೇವಿಯ ಹೆಸರಿನ ಭಿಕ್ಷೆ, ಬೇಡುವವಳು ಗುಡ್ಡದ ಮೇಲೆ ಎಡೆ ಸ್ವೀಕರಿಸುವ ಸ್ಥಾನದಲ್ಲಿ ಕೂರುತ್ತಾಳೆ, ಮನೆಯೊಡತಿ ಆಕೆಗೆ ಬಾಗುತ್ತಾಳೆ.

ಆಚರಣೆಗಳಲ್ಲೆಲ್ಲ ಹೆಚ್ಚು ಗಮನವನ್ನು ಬೇಡುವುದು ಹುಣ್ಣಿಮೆಗಳ ಸಾಲು. ಮಾರ್ಗಶಿರ ಮಾಸದ ಹೊಸ್ತಿಲ ಹುಣ್ಣಿಮೆಯಂದು, ಜಮದಗ್ನಿಯ ಸಾವಿನ ನೆನಪಿನಲ್ಲಿ, ದೇವಿಯ ಕಂಕಣ ಮತ್ತು ಮಾಂಗಲ್ಯಗಳನ್ನು ತೆಗೆಯಲಾಗುತ್ತದೆ. ಜೋಗತಿಯರೂ ಅಂದು ತಮ್ಮ ಬಳೆಗಳನ್ನು ಒಡೆದುಕೊಳ್ಳುವುದು ರೂಢಿಯಲ್ಲಿತ್ತು. ಪುಷ್ಯದ ಬನದ ಹುಣ್ಣಿಮೆಯ ದೊಡ್ಡ ಜಾತ್ರೆ ನಡೆಯುವುದು ಈ ವೈಧವ್ಯದ ಅವಧಿಯಲ್ಲಿಯೇ. ಮಾಘದ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆಯಾಗುತ್ತಾಳೆ, ಹಸಿರು ಬಳೆಗಳು ಮರಳಿ ಕೈಗೇರುತ್ತವೆ. ಗಂಡ ಸತ್ತ ಹೆಣ್ಣನ್ನು ಶುಭಕಾರ್ಯದ ಪಡಸಾಲೆಗೂ ಕರೆಯದಿದ್ದ ಸಮಾಜವೇ, ತಾನು ನಂಬಿದ ತಾಯಿಯನ್ನು ಎರಡು ತಿಂಗಳ ಕಾಲ ಅದೇ ಸ್ಥಿತಿಯಲ್ಲಿ ಕಲ್ಪಿಸಿಕೊಂಡು, ಆಕೆಯ ಮುಂದೆ ತೆಂಗಿನಕಾಯಿ ಒಡೆದು, ಸಂತಾನವನ್ನೂ ಬೆಳೆಯನ್ನೂ ಬೇಡಿಕೊಳ್ಳುತ್ತದೆ. ಸಾವಿರಾರು ವಿಧವೆಯರು ಅಂಜಿಕೆಯಿಲ್ಲದೆ ಈ ಗುಡ್ಡ ಹತ್ತಿ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ದೇವಿಯ ಈ ಕಥೆಯನ್ನು ಓದುಬಾರದವರ ಮನೆಮನೆಗೆ ಒಯ್ದದ್ದು ಚೌಡಿಕೆ ಎಂಬ ವಾದ್ಯ. ಅಡಿಗೆ ಚರ್ಮ ಬಿಗಿದ ಕೊಳವೆಯಾಕಾರದ ಪಾತ್ರೆಯೊಳಗಿನಿಂದ ಒಂದೇ ತಂತಿ ಹೊರಟು ಪಕ್ಕದ ಕೋಲಿನ ತುದಿಗೆ ಕಟ್ಟಲ್ಪಟ್ಟಿರುತ್ತದೆ. ಹಾಡುವವರು ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಮೀಟುತ್ತಾರೆ. ಶ್ರುತಿ ಮತ್ತು ತಾಳ ಜೊತೆಯಾದರೆ ಮೇಳವಾಯಿತು. ಹೆಣ್ಣುಡುಗೆಯಲ್ಲಿ ದೇವಿಯ ಸೇವೆಗೆ ನಿಂತ ಜೋಗಪ್ಪಗಳು ಈ ಕಲೆಗೆ ಕೊಟ್ಟಿರುವುದು ಜೋಗತಿಯರು ಕೊಟ್ಟಷ್ಟೇ ದೊಡ್ಡದು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಆ ಇಡೀ ಸಮುದಾಯಕ್ಕೆ ತಡವಾಗಿ ಸಂದ ಗೌರವ.

ಆದರೆ ಕಲೆಯನ್ನು ಮೆಚ್ಚುವ ಭರದಲ್ಲಿ ಅದನ್ನು ಹೊತ್ತವರ ಬದುಕನ್ನು ಮರೆಯುವುದು ಅನ್ಯಾಯ. ಚೌಡಿಕೆಯ ಪಕ್ಕದಲ್ಲಿಯೇ ಇರಿಸಿರುವ ಮುತ್ತಿನ ಸರವನ್ನು ನೋಡದೆ ಯಾರೂ ಮುಂದೆ ಹೋಗಬಾರದು. ಮುತ್ತು ಕಟ್ಟುವುದೆಂದರೆ ಎಳೆಯ ಹುಡುಗಿಯ ಕೊರಳಿಗೆ ಮಣಿಸರ ಕಟ್ಟಿ, ಮದುವೆಯ ಹಕ್ಕನ್ನು ಕಸಿದು, ದೇವಿಯ ಹೆಸರಿನಲ್ಲಿ ಉಳ್ಳವರ ಭೋಗಕ್ಕೆ ಒಪ್ಪಿಸುವುದು. ಹೀಗೆ ದೇವದಾಸಿಯರಾಗಿ ಒಪ್ಪಿಸಲ್ಪಟ್ಟವರಲ್ಲಿ ಬಹುಪಾಲು ದಲಿತರ ಮಕ್ಕಳು. ಈ ಭಾಗವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ಇದರ ವಿರುದ್ಧ ಒಂದು ಕಾಯ್ದೆ ಬಂತು, ಕರ್ನಾಟಕದ ಶಾಸನಸಭೆ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆದರೂ 1993–94 ಮತ್ತು 2007–08ರ ಸಮೀಕ್ಷೆಗಳು ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರನ್ನು ಗುರುತಿಸಿದವು. ತಾಯಿಯ ಮೇಲಿನ ಭಕ್ತಿಗೆ ಈ ಪದ್ಧತಿ ಎಂದೂ ಅಗತ್ಯವಾಗಿರಲಿಲ್ಲ. ಈ ಹೆಂಗಸರನ್ನು ಮರೆಯುವ ಇನ್ನೊಂದು ಬಗೆಯೂ ಇದೆ: ಹಾಡನ್ನು ಧ್ವನಿಮುದ್ರಿಸಿ ಹಾಡಿದವಳ ಹೆಸರು ಬರೆಯದ ಸಂಗ್ರಹಗಳು ಕನ್ನಡದಲ್ಲಿ ಈಗಾಗಲೇ ಸಾಕಷ್ಟಿವೆ. ಇಲ್ಲಿ ಪ್ರತಿ ವಸ್ತುವಿನ ಕೆಳಗೂ ಅದನ್ನು ಬಳಸಿದವರು ಒಪ್ಪಿದ ಮಟ್ಟಿಗೆ ಅವರ ಹೆಸರು, ಊರು, ಕಲಿಸಿದ ಗುರುವಿನ ವಿವರಗಳನ್ನು ಬರೆದಿರುವುದು ಮುಂದಿನ ಸಂಗ್ರಹಕಾರರೂ ಪಾಲಿಸಬೇಕಾದ ಕ್ರಮ.

ಗುಡ್ಡ ಈಗ ವೇಗವಾಗಿ ಬದಲಾಗುತ್ತಿದೆ. 2023ರಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಂಗಸರು ಯಾರ ಕೈಯನ್ನೂ ಕಾಯದೆ ಬಸ್ಸು ಹತ್ತಿ ಬರುವಂತಾಗಿದೆ. ಕ್ಷೇತ್ರದ ಅಭಿವೃದ್ಧಿಗೆ ಮಂಡಳಿಯೂ ರಚನೆಯಾಗಿದೆ. ಕುಡಿಯುವ ನೀರು, ಶೌಚಾಲಯ, ತಂಗುದಾಣಗಳು ಬೇಕೇ ಬೇಕು, ಅವುಗಳಿಲ್ಲದೆ ಹೆಂಗಸರು ಪಟ್ಟ ಕಷ್ಟ ಸಣ್ಣದಲ್ಲ. ಅದರ ಜೊತೆಗೆ, ಕಲ್ಲು ಹೂಡಿ ಒಲೆ ಹಚ್ಚುವ ಬಯಲನ್ನೂ, ಎತ್ತು ಬಿಚ್ಚಿ ಚಕ್ಕಡಿ ನಿಲ್ಲಿಸುವ ಜಾಗವನ್ನೂ ನಕ್ಷೆಯಲ್ಲಿ ಮೊದಲೇ ಗುರುತಿಸಿಡಬೇಕು. ಅಡುಗೆಗೆ ನೆಲವಿಲ್ಲದಿದ್ದರೆ ಪಡ್ಡಲಗಿ ಇಲ್ಲ, ಪಡ್ಡಲಗಿ ಇಲ್ಲದಿದ್ದರೆ ಬಡವರ ಯಾತ್ರೆ ಸರತಿ ಸಾಲಿನ ದರ್ಶನಕ್ಕೆ ಇಳಿಯುತ್ತದೆ.

ಪ್ರದರ್ಶನವು ಈ ಕ್ಷಣದಿಂದ ಸಾರ್ವಜನಿಕರಿಗೆ ತೆರೆದಿದೆ. ಮೊದಲು ಚೌಡಿಕೆ ಮೇಳದವರ ಹಾಡುಗಾರಿಕೆ. ಆ ಬಳಿಕ ಕೊಡ ಹೊರುವ ಬಗೆಯನ್ನು ಹಿರಿಯ ಜೋಗತಿಯರೇ ಸಭಿಕರಿಗೆ ತೋರಿಸಿಕೊಡಲಿದ್ದಾರೆ.