ಪತ್ತೇದಾರಿ ಕಥೆಯೂ ಓದುವವರ ಕಂಠವೂ

(ವಾಚನಾಲಯದಲ್ಲಿ ಮಾಡಿದ ಭಾಷಣ)



ಪುಸ್ತಕವನ್ನು ಕಿವಿಯಿಂದ ಓದುವ ಕಾಲವಿದು. ಕಣ್ಣು ಮಂಜಾದ ಹಿರಿಯರೂ, ಕನ್ನಡ ಮಾತು ಬಂದರೂ ಅಕ್ಷರ ಬಾರದ ನಮ್ಮ ಮಕ್ಕಳೂ ಕಪಾಟಿನ ಮುಂದೆ ಸುಮ್ಮನೆ ನಿಂತು ಹೋಗುವುದನ್ನು ದಿನವೂ ಕಾಣುವ ನಮಗೆ ಇದು ಸಣ್ಣ ಸಂಗತಿಯಲ್ಲ. ಅವರನ್ನು ಹಿಡಿದು ಕೂರಿಸಲು ಪತ್ತೇದಾರಿ ಕಥೆಯಂಥ ಉಪಾಯ ಬೇರಿಲ್ಲ. ಆದರೆ ಓದುವ ಕಂಠ ಕೆಟ್ಟರೆ ಕಥೆಯೂ ಕೆಟ್ಟಿತು.

ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ (1926) ನೋಡಿ. ಹಳ್ಳಿಯ ವೈದ್ಯರೊಬ್ಬರು ‘ನಾನು’ ಎಂದು ಹೇಳಿಕೊಂಡು ಹೋಗುವ ಕಥೆ. ಇದರ ಧ್ವನಿಪುಸ್ತಕವನ್ನು ಓದಿದವರಲ್ಲಿ ಹ್ಯೂ ಫ್ರೇಸರ್ ಒಬ್ಬರು. ಟೆಲಿವಿಷನ್ನಿನ ಪ್ವಾರೊ ಮಾಲಿಕೆಯಲ್ಲಿ ಹೇಸ್ಟಿಂಗ್ಸ್ ಆಗಿದ್ದ ನಟರು. ಒಂದು ರಾತ್ರಿ ವೈದ್ಯರ ಮನೆಯಲ್ಲಿ ಟೆಲಿಫೋನು ಬಾರಿಸುತ್ತದೆ. ನಮಗೆ ಕೇಳಿಸುವುದು ಈ ತುದಿಯ ಮಾತು ಮಾತ್ರ. ಕರೆದವನು ಅಕ್ರಾಯ್ಡರ ಬಟ್ಲರ್ ಪಾರ್ಕರ್ ಎನ್ನುತ್ತಾರೆ ವೈದ್ಯರು. ತಾನು ಕರೆಯಲೇ ಇಲ್ಲ ಎನ್ನುತ್ತಾನೆ ಪಾರ್ಕರ್. ಅಚ್ಚಿನಲ್ಲಿ ಎರಡೂ ಮಾತು ಒಂದೇ ಮಸಿ. ಓದುವವರಿಗೋ ಕೊನೆ ಗೊತ್ತಿದೆ! ಒಂದು ಪದಕ್ಕೆ ಒತ್ತು ಹೆಚ್ಚಾದರೂ, ಎಲ್ಲಿಯೋ ತುಸು ತಡೆದು ನಿಂತರೂ ಗುಟ್ಟು ರಟ್ಟು.

ಕೇಡಿಗನಿಗೆ ಒರಟು ದನಿ, ಹೆಂಗಸಿಗೆ ಕೀರಲು ದನಿ ನಾಟಕದ ಕಂಪನಿಗೆ ಸರಿ. ಇಲ್ಲಿ ಸಂಶಯವು ಎಲ್ಲರ ಮೇಲೂ ಬೀಳುತ್ತಿರಬೇಕು. ವೈದ್ಯರ ಅಕ್ಕ ಕ್ಯಾರೊಲಿನ್ ಮನೆಯಲ್ಲೇ ಕುಳಿತು ಊರ ಸುದ್ದಿಯನ್ನೆಲ್ಲ ಬಲ್ಲಾಕೆ. (ಅಂಥವರು ನಮ್ಮ ಚಾಳುಗಳಲ್ಲಿಯೂ ಉಂಟು.) ಆಕೆಯ ಮಾತನ್ನು ಕೊಂಚ ಆತುರದಿಂದ ಓದಿದರೆ ಸಾಕು, ಹೆಂಗಸಿನ ಕಂಠ ತಾನಾಗಿಯೇ ಕೇಳಿಸುತ್ತದೆ.

ಬರುವ ಭಾನುವಾರ ಸಂಜೆ ಇಲ್ಲಿಯೇ ಒಂದು ಕನ್ನಡ ಪತ್ತೇದಾರಿ ಕಾದಂಬರಿಯನ್ನು ಓದಿಸಲಿದ್ದೇವೆ. ಕೊನೆ ಬಲ್ಲವರು ದಯವಿಟ್ಟು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು.