ಮೊದಲು ನೆರಳು, ಆಮೇಲೆ ಆಡು

ಪೇಟೆಯ ನೌಕರಿ ಸಾಕು, ಊರ ಹೊರಗೆ ಎರಡು ಎಕರೆ, ನಾಲ್ಕು ಆಡು, ಹತ್ತು ಕೋಳಿ ಇದ್ದರೆ ಸಾಕು ಎನ್ನುವ ಕನಸು ನಾಗಪುರದಲ್ಲೂ ಇದೆ, ನಮ್ಮಲ್ಲೂ ಇದೆ. ಸಂತೆಯಿಂದ ಆಡು ತರುವುದು ಸುಲಭ. ತಂದು ಎಲ್ಲಿ ಕಟ್ಟುವುದು?

ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಆ ವಿದರ್ಭ ಸೀಮೆಯ ಬೆರಾರಿ ಆಡು, ಕತ್ತಿಯಂಥ ಉದ್ದ ಕೊಂಬಿನ ನಾಗಪುರಿ ಎಮ್ಮೆ ಆ ಸೆಕೆಯಲ್ಲೇ ಹುಟ್ಟಿ ಬೆಳೆದವು, ನಿಜ. ಅವಕ್ಕೂ ನೆರಳು ಬೇಕು. ಅದಕ್ಕೇ ದೊಡ್ಡಿಯ ಉದ್ದ ಪೂರ್ವ-ಪಶ್ಚಿಮಕ್ಕಿರಬೇಕು. ಬೆಳಗಿನ, ಸಂಜೆಯ ಓರೆಬಿಸಿಲು ಆಗ ಗಿಡ್ಡ ಬದಿಗಳಿಗಷ್ಟೇ ಬಡಿಯುತ್ತದೆ. ಬೆಳೆದ ಆಡೊಂದಕ್ಕೆ ಸೂರಿನಡಿ ಸುಮಾರು 10 ಚದರ ಅಡಿ, ಹೊರಗೆ ಅಡ್ಡಾಡಲು ಅದರ ಎರಡರಷ್ಟು ಜಾಗ. ತಗಡು ಹೊದಿಸಿದ್ದರೆ ಮೇಲೆ ಹುಲ್ಲು ಹರಡಿ. ಬೇಲಿಯಲ್ಲಿ ಮಾತ್ರ ಜಿಪುಣತನ ಬೇಡ. ಆಡು ಮುಟ್ಟದ ಸೊಪ್ಪಿಲ್ಲ. ಪಕ್ಕದ ಹೊಲದವರೊಡನೆ ಜಗಳ ಹುಟ್ಟುವುದೂ ಅಲ್ಲಿಂದಲೇ.

ನಮ್ಮ ಮಾತಿನಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗವೂ ಹೌದು, ಜನ ಬಾಳುವ ಕೇರಿಯೂ ಹೌದು. ಹಾಗಾಗಿ ದೊಡ್ಡಿ ಮುಗಿದ ಮೇಲೆ, ಆಡು ತರುವ ಮುನ್ನ, ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ನೀವೇ ಅರ್ಧ ತಾಸು ಕೂತು ನೋಡಿ.