ಹಾಡುಹಗಲಿನ ದೀಪ ಯಾರಿಗಾಗಿ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರ್ ಇದ್ದರು, ಪ್ರಾಧ್ಯಾಪಕರಿದ್ದರು, ಎಂಜಿನಿಯರ್ ಇದ್ದರು. ನಾನು 31 ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಏನು ಮಾತಾಡಲಿ ಎಂದು ಕೇಳಿದಾಗ ಮುಖ್ಯೋಪಾಧ್ಯಾಯರು, "ನಿಮಗ ಗೊತ್ತಿದ್ದ ವಿಷಯಾನ ಮಾತಾಡ್ರಿ" ಅಂದರು. ನನಗೆ ಗೊತ್ತಿರುವುದು ರಸ್ತೆ ಒಂದೇ. ಅದರಲ್ಲೂ ಒಂದು ಸಣ್ಣ ವಿಷಯ ಆರಿಸಿಕೊಂಡು ಬಂದಿದ್ದೇನೆ: ಹಗಲಿನಲ್ಲಿ ಗಾಡಿಯ ಮುಂದಿನ ಲೈಟು ಹಚ್ಚಬೇಕೋ ಬೇಡವೋ?

ನಗಬೇಡಿ. ನಾನೂ ನಕ್ಕವನೇ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಬೈಕು, ಸ್ಕೂಟರುಗಳಿಗೆ ಲೈಟು ಆರಿಸುವ ಸ್ವಿಚ್ ಇಲ್ಲ. ಎಂಜಿನ್ ಚಾಲೂ ಆದ ಕೂಡಲೇ ದೀಪ ಹತ್ತಬೇಕು ಎಂಬ ನಿಯಮ ಬಂತು. ಆ ವರ್ಷ ಹೊಸ ಗಾಡಿ ತಂದವರ ಪಾಡು ನಿಮಗೆಲ್ಲ ನೆನಪಿರಬಹುದು. ಎದುರು ಬಂದವರೆಲ್ಲ ಕೈಬೆರಳು ಅರಳಿಸಿ ಮುಚ್ಚಿ ಸನ್ನೆ ಮಾಡುವವರೇ. "ಅಣ್ಣಾರ, ಲೈಟ್ ಹತ್ತೇತಿ ನೋಡ್ರಿ!" ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದರೂ ಅದೇ ಮಾತು. ನನ್ನ ಮಗ ಹೊಸ ಗಾಡಿ ತಂದಾಗ ನಾನೇ ಅವನನ್ನು ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋಗಿ, ವೈರು ಕತ್ತರಿಸಿ ಸ್ವಿಚ್ ಹಾಕಿಸಿದೆ. "ಸೂರ್ಯನ ಮುಂದ ದೀಪ ಹಿಡೀತೀಯೇನು? ಬ್ಯಾಟರಿ ಹಾಳಾಗ್ತೈತಿ" ಎಂದು ಬುದ್ಧಿ ಬೇರೆ ಹೇಳಿದೆ. ಬಸ್ಸಿನ ಡ್ರೈವರ್ ಹೇಳಿದ ಮೇಲೆ ಮುಗಿಯಿತು, ಓಣಿಯ ಇನ್ನೂ ನಾಲ್ಕು ಹುಡುಗರು ಸ್ವಿಚ್ ಹಾಕಿಸಿದರು.

ಅದಾಗಿ ಕೆಲವು ತಿಂಗಳಿಗೆ ನನ್ನ ಕಣ್ಣು ತೆರೆಯಿತು. ಎಲ್ಲಿ, ಯಾವ ರೂಟು ಎಂಬುದು ಬೇಡ. ಸಂಜೆ ಐದರ ಸುಮಾರು, ಪಡುವಣಕ್ಕೆ ಬಸ್ಸು ಹೊಡೆಯುತ್ತಿದ್ದೆ. ಇಳಿಬಿಸಿಲು ನೇರ ಗಾಜಿಗೆ. ಹಿಂಗಾರಿ ರಾಶಿಯ ಕಾಲ, ಮುಂದೆ ಹೊಟ್ಟು ತುಂಬಿದ ಟ್ರ್ಯಾಕ್ಟರ್, ಗಾಳಿಗೆ ಧೂಳೋ ಧೂಳು. ಹದಿನೈದು ನಿಮಿಷ ತಡವಾಗಿತ್ತು. ಎದುರಿಗೆ ನೋಡಿದೆ, ರಸ್ತೆ ಖಾಲಿ. ಹಾರ್ನ್ ಹೊಡೆದು ಬಲಕ್ಕೆ ತೆಗೆದುಕೊಂಡೆ. ಅರ್ಧ ದಾಟಿರಬೇಕು, ಬೇವಿನ ಮರಗಳ ನೆರಳಿನಿಂದ ಒಂದು ಬೈಕು ಎದ್ದು ಬಂದ ಹಾಗೆ ಬಂತು. ಬ್ರೇಕ್ ತುಳಿದೆ. ಹುಡುಗ ಗಾಡಿಯನ್ನು ರಸ್ತೆಯಿಂದ ಕೆಳಗೆ, ಎರಿ ಹೊಲಕ್ಕೆ ಇಳಿಸಿಬಿಟ್ಟ. ಗಾಡಿ ಉರುಳಿತು. ಅವನ ಮುಂಗೈ ಮುರಿಯಿತು. ಹಿಂದೆ ಕುಳಿತಿದ್ದ ಅವನ ತಂಗಿ ಶಾಲೆಯ ಸಮವಸ್ತ್ರದಲ್ಲಿದ್ದಳು, ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು. ದೇವರು ದೊಡ್ಡವನು, ಜೀವಕ್ಕೆ ಏನೂ ಆಗಲಿಲ್ಲ.

ಕೈಕಾಲು ನಡುಗುತ್ತ ಕೆಳಗಿಳಿದೆ. ಆ ಹುಡುಗಿ ಅಳಲಿಲ್ಲ, ಬೈಯಲಿಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು: "ಕಾಕಾ, ನಾವು ನಿಮಗ ಕಾಣ್ಲೇ ಇಲ್ಲೇನ್ರಿ?"

ಗಾಡಿ ಎತ್ತಿ ನಿಲ್ಲಿಸುವಾಗ ಹ್ಯಾಂಡಲ್ ಹತ್ತಿರ ಒಂದು ಹೊಸ ಸ್ವಿಚ್ ಕಂಡಿತು. ನಾನು ನನ್ನ ಮಗನ ಗಾಡಿಗೆ ಹಾಕಿಸಿದ್ದೂ ಅಂಥದ್ದೇ.

ತಪ್ಪು ನನ್ನದೇ, ಇದನ್ನು ಮೊದಲು ಹೇಳಬೇಕು. ಕಣ್ಣಿಗೆ ಬಿಸಿಲು ಹೊಡೆಯುವಾಗ, ಧೂಳಿನಲ್ಲಿ, ತಡವಾಯಿತೆಂದು ಓವರ್‌ಟೇಕ್ ಮಾಡಬಾರದಿತ್ತು. ಅವನ ದೀಪ ಆರಿದ್ದರಿಂದ ನನ್ನ ತಪ್ಪು ಮಾಫಿ ಆಗುವುದಿಲ್ಲ. ಆದರೆ ಆ ದೀಪ ಹತ್ತಿದ್ದರೆ ನಾನು ಬಲಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇದೂ ಅಷ್ಟೇ ನಿಜ.

ನಮ್ಮ ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನಾನು ಅಂದು ನೋಡಿದ್ದೆ, ನನಗೆ ಕಂಡಿರಲಿಲ್ಲ. ಹಾಗೇಕೆ ಆಗುತ್ತದೆ? ಲಾರಿ, ಬಸ್ಸು ಅಗಲವಾಗಿರುತ್ತವೆ, ಕಣ್ಣು ಅವನ್ನೇ ಹುಡುಕುತ್ತಿರುತ್ತದೆ. ಎದುರಿನಿಂದ ನೇರ ಬರುವ ಬೈಕು ದೂರದಲ್ಲಿ ಒಂದು ಸಣ್ಣ ಗೆರೆ. ಅದು ಅತ್ತಿತ್ತ ಸರಿಯುವುದಿಲ್ಲ, ಇದ್ದಲ್ಲೇ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ. ಅದು ಓಡಿ ಬರುತ್ತಿದೆ ಎಂದು ಕಣ್ಣಿಗೆ ಗೊತ್ತಾಗುವುದೇ ಹತ್ತಿರ ಬಂದ ಮೇಲೆ. ಹಿಂದೆ ಮರದ ನೆರಳೋ ಕಪ್ಪು ಹೊಲವೋ ಇದ್ದರಂತೂ ಅದರಲ್ಲೇ ಕರಗಿಹೋಗುತ್ತದೆ. ಇಲ್ಲಿ ಕಲಿತ ಗಣಿತವನ್ನೇ ಹಾಕಿ ನೋಡಿ. ತಾಸಿಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡೂ ಗಾಡಿ ಅದೇ ವೇಗದಲ್ಲಿ ಎದುರುಬದುರು ಬಂದರೆ ನಡುವಿನ ಅಂತರ ಸೆಕೆಂಡಿಗೆ 33 ಮೀಟರ್ ಕಡಿಮೆಯಾಗುತ್ತದೆ. ಟ್ರ್ಯಾಕ್ಟರ್ ದಾಟಲು 10 ಸೆಕೆಂಡು ಹಿಡಿದರೆ, ಎದುರಿನವನು 330 ಮೀಟರ್ ಆಚೆಯೇ ನನಗೆ ಕಾಣಬೇಕು. ಅಷ್ಟು ದೂರಕ್ಕೆ ಬೈಕು ಕಾಣದಿರಬಹುದು, ಬೈಕಿನ ದೀಪ ಹಗಲಿನಲ್ಲೂ ಕಾಣುತ್ತದೆ. ರಾತ್ರಿಯ ದೀಪ ನಮಗೆ ರಸ್ತೆ ಕಾಣಲಿಕ್ಕೆ. ಹಗಲಿನ ದೀಪ ನಾವು ಇನ್ನೊಬ್ಬರಿಗೆ ಕಾಣಲಿಕ್ಕೆ.

ನಮ್ಮ ಸೂಡಿಯ ರಸ್ತೆಗೆ ಇದು ಇನ್ನಷ್ಟು ಬೇಕು. ರೋಣ ನಮಗೆ ಪಡುವಣ, ಗಜೇಂದ್ರಗಡ ಮೂಡಣ. ಮುಂಜಾನೆ ಗಜೇಂದ್ರಗಡದ ಕಡೆ ಹೊರಟವನ ಕಣ್ಣಿಗೆ ಸೂರ್ಯ, ಸಂಜೆ ರೋಣದ ಕಡೆ ಹೊರಟವನ ಕಣ್ಣಿಗೂ ಸೂರ್ಯ. ಶಾಲೆ ಕೂಡುವುದು, ಬಿಡುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಪರಊರಿನಿಂದ ಬರುವವರಿಗೆ ನಮ್ಮ ತಿರುವು ಗೊತ್ತಿಲ್ಲ, ರಸ್ತೆಯ ಮೇಲೆ ರಾಶಿ ಹಾಕುವುದೂ ಗೊತ್ತಿಲ್ಲ.

ಇನ್ನು ಜನ ಕೇಳುವ ಪ್ರಶ್ನೆಗಳು. ಬ್ಯಾಟರಿ ಹೋಗುತ್ತದೆಯೇ? ಎಂಜಿನ್ ಓಡುವಾಗ ಕರೆಂಟು ಎಂಜಿನ್ನಿನಿಂದಲೇ ಬರುತ್ತದೆ, ಬ್ಯಾಟರಿಯೂ ಅದರಿಂದಲೇ ಚಾರ್ಜ್ ಆಗುತ್ತದೆ. ಪೆಟ್ರೋಲ್? 100 ಸಿಸಿ ಗಾಡಿಯ ಎಂಜಿನ್ನಿನ ಶಕ್ತಿ ಸುಮಾರು 6,000 ವಾಟ್, ಹಳೆಯ ನಮೂನೆಯ ಬಲ್ಬು 35 ವಾಟ್. ಈಗಿನ ಎಲ್‌ಇಡಿ ಅದಕ್ಕೂ ಕಡಿಮೆ. ಎದುರಿನವರ ಕಣ್ಣು ಕುಕ್ಕುತ್ತದೆಯೇ? ಡಿಮ್‌ನಲ್ಲಿಟ್ಟರೆ ಇಲ್ಲ. ಹಗಲಿರಲಿ ರಾತ್ರಿಯಿರಲಿ, ಎದುರು ಗಾಡಿ ಬಂದಾಗ ಅಪ್ಪರ್ ಹಾಕುವವನು ದಾರಿ ಕೇಳುವವನಲ್ಲ, ದಾರಿ ಕಸಿಯುವವನು.

ಫಿನ್ಲೆಂಡ್ ದೇಶದಲ್ಲಿ 1972ರಿಂದಲೂ ಸ್ವೀಡನ್‌ನಲ್ಲಿ 1977ರಿಂದಲೂ ಹಗಲು ದೀಪದ ನಿಯಮವಿದೆ. ಅಲ್ಲಿ ಚಳಿಗಾಲದ ಹಗಲೇ ಮಬ್ಬು, ನಮ್ಮಲ್ಲಿ ರಣಬಿಸಿಲು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಡುಮಧ್ಯಾಹ್ನ ಬಟಾಬಯಲಿನಲ್ಲಿ ದೀಪದ ಲಾಭ ಕಡಿಮೆಯೇ ಇರಬಹುದು. ಆದರೆ ನಮ್ಮಲ್ಲೂ ಮುಂಜಾನೆ, ಸಂಜೆ, ಧೂಳು, ಮರದ ನೆರಳು ಇವೆಯಲ್ಲ? ಅಲ್ಲಿಗೆ ಬಂದಾಗ ನೆನಪಿಟ್ಟು ಹಚ್ಚುತ್ತೇನೆ ಎಂದವನು ಮರೆಯುತ್ತಾನೆ. ಅದಕ್ಕೇ ತಾನಾಗಿ ಹತ್ತುವ ದೀಪ ಒಳ್ಳೆಯದು.

ಇನ್ನೊಂದು ಪ್ರಶ್ನೆ ಇದೆ, ನನಗೆ ದೊಡ್ಡದೆನಿಸಿದ್ದು ಅದು. ಆಸ್ಟ್ರಿಯಾ ದೇಶ 2005ರಲ್ಲಿ ಎಲ್ಲ ಗಾಡಿಗಳಿಗೂ ಹಗಲು ದೀಪ ಕಡ್ಡಾಯ ಮಾಡಿ, 2008ರಲ್ಲಿ ಹಿಂತೆಗೆದುಕೊಂಡಿತು. ದೀಪವಿದ್ದ ಗಾಡಿಗಳ ಕಡೆಗೇ ಎಲ್ಲರ ಗಮನ ಹೋದರೆ, ದೀಪವಿಲ್ಲದೆ ನಡೆಯುವವರು, ಸೈಕಲ್ಲಿನವರು ಮರೆಯಾಗುತ್ತಾರೆ ಎಂಬ ಮಾತು ಅಲ್ಲಿ ಬಂತು. ನಮ್ಮ ರಸ್ತೆಯ ಮೇಲೆ ದೀಪವಿಲ್ಲದವರು ಯಾರು? ಚಕ್ಕಡಿ, ಎಮ್ಮೆ, ಕುರಿಹಿಂಡು, ಬುತ್ತಿ ಹೊತ್ತು ಹೊಲಕ್ಕೆ ಹೋಗುವ ತಾಯಂದಿರು, ಹೆಗಲಿಗೆ ಚೀಲ ಹಾಕಿಕೊಂಡು ಬರುವ ಈ ಮಕ್ಕಳು.

ಇದಕ್ಕೆ ಉತ್ತರ ನನಗೆ ಇದೇ ಶಾಲೆಯಲ್ಲಿ ಸಿಕ್ಕಿತ್ತು. ಗುರುಗಳು ಹಾಜರಿ ಕರೆಯುವಾಗ ನಾವು "ಹಾಜರ್ ಸರ್" ಎಂದು ಕೂಗುತ್ತಿದ್ದೆವು. ಕೂಗಿದವರ ಹೆಸರಿಗೆ ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ದನಿ ಬಾರದಿದ್ದರೆ ಅಲ್ಲಿಗೇ ಗೈರು ಬರೆಯುತ್ತಿರಲಿಲ್ಲ, ತಲೆ ಎತ್ತಿ, ಕೊನೆಯ ಸಾಲಿನವರೆಗೂ ಕಣ್ಣಾಡಿಸಿ ಹುಡುಕುತ್ತಿದ್ದರು. ಹಗಲಿನ ದೀಪವೂ "ಹಾಜರ್" ಎನ್ನುವ ದನಿ. ದನಿ ಇದ್ದವರು ಹೇಳಬೇಕು. ಇಲ್ಲದವರನ್ನು ಸ್ಟೇರಿಂಗ್ ಹಿಡಿದವನು ತಲೆ ಎತ್ತಿ ಹುಡುಕಬೇಕು. ದೀಪ ಹಚ್ಚಿದ್ದೇನೆ, ಎಲ್ಲರೂ ದಾರಿ ಬಿಡಲಿ ಎಂದು ಯಾರಾದರೂ ತಿಳಿದರೆ ಆ ದೀಪಕ್ಕಿಂತ ಕತ್ತಲೆಯೇ ಮೇಲು.

ಕೊನೆಗೆ ಮೂರು ಬೇಡಿಕೆ. ಗೆಳೆಯರೇ, ಸ್ವಿಚ್ ಹಾಕಿಸಿದವರು ನಾಳೆಯೇ ತೆಗೆಸಿ. ಆ ದಿನ ಮನೆಗೆ ಬಂದವನು ಊಟಕ್ಕೆ ಕೂರುವ ಮೊದಲು ಮಗನ ಗಾಡಿಯ ಸ್ವಿಚ್ ಕಿತ್ತಿಸಿದೆ. ಹಳೆಯ ಗಾಡಿ ಇದ್ದವರು ಡಿಮ್ ಲೈಟು ಹಚ್ಚುವ ರೂಢಿ ಮಾಡಿಕೊಳ್ಳಿ. ರೈತ ಬಾಂಧವರೇ, ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂಬುದು ಕಾಯಿದೆ. ಅದು ರಾತ್ರಿಗಾಯಿತು. ಹಗಲಿಗೆ ಹೊಟ್ಟು, ಮೇವಿನ ಹೇರಿನ ಹಿಂದೆ ಒಂದು ಕೆಂಪು ಬಟ್ಟೆ ಕಟ್ಟಿ. ಚಕ್ಕಡಿಗೂ ಟ್ರೇಲರಿಗೂ ಅಂಟಿಸುವ ರಿಫ್ಲೆಕ್ಟರ್ ಪಟ್ಟಿಯ ಖರ್ಚು ಈ ವರ್ಷ ನನ್ನದು. ಶಾಲೆಯಲ್ಲಿ ತಂದಿಟ್ಟಿದ್ದೇನೆ, ಬಂದು ಒಯ್ಯಿರಿ. ಮಕ್ಕಳೇ, ಯಾರಾದರೂ ಹಗಲಿನಲ್ಲಿ ಲೈಟು ಹಚ್ಚಿಕೊಂಡು ಹೋದರೆ ಕೈಸನ್ನೆ ಮಾಡಿ ನಗಬೇಡಿ. ಹಾಜರಿ ಹೇಳುತ್ತಿದ್ದಾರೆ ಎಂದು ತಿಳಿಯಿರಿ.

ಆ ಹುಡುಗಿಯ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ, ಕೈ ಮುಗಿದೆ ಅಷ್ಟೇ. ಅಂಥ ಪ್ರಶ್ನೆಯನ್ನು ನಮ್ಮ ಶಾಲೆಯ ಯಾವ ಮಗುವೂ ಯಾವ ಡ್ರೈವರನಿಗೂ ಕೇಳುವ ಹಾಗೆ ಆಗದಿರಲಿ.